ರೆಪ್ಪೆ ಮಿಟುಕಿಸದ ಚಾಲಕನ ಪ್ರಶಸ್ತಿ ವಾಪಸು

ಇಂದ:
ಸೆಮಿಸಿ ಹವೇಆ, ವಯಸ್ಸು 53, ವ್ಯಾನ್ ನಂ. 41,
ಪಾರ್ಸೆಲ್ ಡಿಪೊ, ಇಪ್ಸ್‌ವಿಚ್, ಕ್ವೀನ್ಸ್‌ಲ್ಯಾಂಡ್

ಗೆ:
ಮುಖ್ಯಸ್ಥರು, ಚಾಲಕರ ಗಮನ ವಿಭಾಗ, ಕೇಂದ್ರ ಕಚೇರಿ

ವಿಷಯ: ಪ್ರಶಸ್ತಿ ಹಿಂತಿರುಗಿಸುವ ಹಾಗೂ ಸೋಮವಾರದ ತರಬೇತಿಯ ಬಗ್ಗೆ.

ಉಲ್ಲೇಖ: ತಮ್ಮ ಸಮವಸ್ತ್ರ ಉಲ್ಲಂಘನೆ ನೋಟಿಸು ಮತ್ತು 'ತಿಂಗಳ ಅತ್ಯಂತ ಎಚ್ಚರದ ಚಾಲಕ' ಪ್ರಶಸ್ತಿ (ಎರಡೂ ಅಕ್ಟೋಬರ್ 9ರವು, ಒಂದೇ ಲಕೋಟೆ).

ಮಾನ್ಯರೇ,

ಅರ್ಜಿದಾರನಾದ ಸೆಮಿಸಿಯು ಒಂಬತ್ತು ವರ್ಷಗಳಿಂದ ಸದರಿ ಡಿಪೊದ ಪಾರ್ಸೆಲ್ ಹಂಚುತ್ತಿದ್ದು, ಈ ಕೆಳಕಂಡ ಸಂಗತಿಗಳನ್ನು ತಮ್ಮ ಅವಗಾಹನೆಗೆ ತರಬಯಸುತ್ತಾನೆ.

1. ಆತನಿಗೆ ದಿನಕ್ಕೆ 168 ಪಾರ್ಸೆಲ್, ಮನೆಗೆ ಎರಡು ನಿಮಿಷ. ಊಟಕ್ಕೆ ಅರ್ಧ ಗಂಟೆ ಎಂದು ಕಾಗದದಲ್ಲಿದ್ದರೂ ಫೋನಿನ ಆ್ಯಪ್ ಅದನ್ನು 'ವಿಳಂಬ' ಎಂದು ದಾಖಲಿಸುವ ಕಾರಣ, ಹೆಂಡತಿ ಮೆಲೆ ಬೇಯಿಸಿ ಕೊಟ್ಟ ಕೆಸುವಿನ ಗಡ್ಡೆಯನ್ನು ಆತ ಕೆಂಪು ದೀಪ ಬಿದ್ದಾಗಲೆಲ್ಲ ಒಂದೊಂದು ತುಂಡು ತಿನ್ನುತ್ತಾನೆ. ದಾರಿಯುದ್ದಕ್ಕೂ ಹಸಿರೇ ಬಿದ್ದು ಉಪವಾಸವಾದದ್ದೂ ಉಂಟು.

2. ಬರ್ನಿಸ್ ಟಲ್ಲಿ ಎಂಬ ವೃದ್ಧೆಗೆ ಪ್ರತಿ ಗುರುವಾರ ಗಂಡನ ಕಾಲಿನ ಹುಣ್ಣಿಗೆ ಕಟ್ಟುವ ಪಟ್ಟಿ ತಲುಪಿಸಬೇಕು. ಆಕೆಯ ಅಂಗಳದ ನೀಲಗಿರಿ ಮರದಲ್ಲಿ ಮ್ಯಾಗ್‌ಪೈ ಹಕ್ಕಿ ಮರಿ ಮಾಡಿದೆ. ಅದು ಸೆಮಿಸಿಯ ತಲೆಯನ್ನು ಹಿಂದಿನಿಂದ ಬಂದು ಕುಕ್ಕುತ್ತದೆ.

"ನನಗೇನೂ ಮಾಡಲ್ಲಪ್ಪ ಅದು. ನಿನ್ನ ಮುಖ ಅದಕ್ಕೆ ಗುರುತು ಸಿಕ್ಕಿಬಿಟ್ಟಿದೆ," ಎಂದರು ಟಲ್ಲಿಯಮ್ಮ.

ಆದ್ದರಿಂದ ಪಾರ್ಸೆಲನ್ನು ಗೇಟಿನಲ್ಲೇ ಇಟ್ಟ. ತಲುಪಿಸಿದ್ದಕ್ಕೆ ಸಾಕ್ಷಿಯಾಗಿ ಆ್ಯಪ್‌ಗೆ ಕಳಿಸಿದ ಫೋಟೊದಲ್ಲಿ ಬಾಗಿಲು ಕಾಣಲಿಲ್ಲವೆಂದು ಮೊದಲ ನೋಟಿಸು ಬಂತು.

3. ಆ ಕಾರಣ, ಟೋಪಿಯಂತೆ ತಲೆಗೆ ಕವುಚಿಕೊಳ್ಳಲೆಂದು ಮೆಲೆ ಖಾಲಿ ಐಸ್‌ಕ್ರೀಮ್ ಬಕೆಟ್ ಒಂದಕ್ಕೆ ಹಿಂಬದಿಯಲ್ಲಿ ಎರಡು ದೊಡ್ಡ ಕಣ್ಣು ಬರೆದುಕೊಟ್ಟಳು. ಕಣ್ಣು ಕಂಡರೆ ಹಕ್ಕಿ ಎರಗುವುದಿಲ್ಲ.

"ರೆಪ್ಪೆಗೂದಲು ಯಾಕೇ ಬೇಕಿತ್ತು?"

"ಬರೀ ಗುಂಡು ಕಣ್ಣಾದ್ರೆ ಹಕ್ಕಿಗಿಂತ ನೀನೇ ಹೆದರಿದ ಹಾಗೆ ಕಾಣುತ್ತೆ. ಸುಮ್ನೆ ಹಾಕ್ಕೋ."

4. ಹಾಕಿಕೊಂಡ. ಬೇರೆ ಬೀದಿಗಳಲ್ಲೂ ಇಂಥ ಹಕ್ಕಿಗಳಿದ್ದು, ತೆಗೆಯಲು ಸಮಯವಿಲ್ಲದೆ ದಿನವೂ ವ್ಯಾನಿನಲ್ಲೂ ಹಾಗೇ ಕೂತ. ಸೀಟಿಗೆ ಉಜ್ಜಿ ಬಣ್ಣ ಅಳಿಸೀತೆಂದು ಬಕೆಟನ್ನು ಹಿಂದುಮುಂದು ತಿರುಗಿಸಿದಾಗ ಬರೆದ ಕಣ್ಣು ಹಣೆಯ ಮೇಲೆ ಬಂತು. ಚಾಲಕನ ಮುಖವನ್ನೇ ನೋಡುತ್ತಿದ್ದು, ಕಣ್ಣು ಮುಚ್ಚಿದರೆ, ಆಕಳಿಸಿದರೆ ಕಿರುಚುವ ತಮ್ಮ ಕ್ಯಾಮೆರಾ ಅಂದಿನಿಂದ ಸದ್ದೇ ಮಾಡಲಿಲ್ಲ. ಸೆಮಿಸಿ ಅದು ಕೆಟ್ಟಿತೆಂದುಕೊಂಡು ಸಂತೋಷಪಟ್ಟ. ಅದು ಕೆಟ್ಟಿರಲಿಲ್ಲ. ಬರೆದ ಕಣ್ಣನ್ನೇ ನಿಜವೆಂದು ನಂಬಿ ನೂರಕ್ಕೆ ನೂರು ಅಂಕ ಹಾಕುತ್ತಿತ್ತು.

5. ಡಿಪೊ ಮೇಲ್ವಿಚಾರಕಿ ಗ್ಲೆಂಡಾ ಫ್ರ್ಯೂ, ಬಕೆಟ್ ಹಾಕಿದ್ದಕ್ಕೆ ಎರಡನೇ ನೋಟಿಸು ಹಾಗೂ ಪ್ರಶಸ್ತಿ ಎರಡೂ ಇದ್ದ ಲಕೋಟೆ ತೆರೆದು, "ಒಂದಕ್ಕೆ ನಿನ್ನನ್ನ ಬೈಬೇಕು, ಇನ್ನೊಂದಕ್ಕೆ ಕೈ ಕುಲುಕಬೇಕು. ಯಾವುದು ಮೊದಲು?" ಎಂದರು.

"ಕೈ ಕುಲುಕಿಬಿಡಿ ಮೇಡಂ. ಬೈಸಿಕೊಂಡ ಮೇಲೆ ನಡುಗುತ್ತೆ."

6. ಮರುದಿನ ಮಧ್ಯಾಹ್ನ ಸಿಗ್ನಲಿನಲ್ಲಿ ಸೆಮಿಸಿಗೆ ನಿದ್ದೆ ಹತ್ತಿತು. ವ್ಯಾನು ತಾನಾಗಿ ಸರಿಯಿತು. ಕ್ಯಾಮೆರಾ ಸುಮ್ಮನಿತ್ತು. ಊರುಗೋಲಿನಿಂದ ಬಾನೆಟ್ ಕುಟ್ಟಿದ ಸದ್ದಿಗೆ ಎಚ್ಚರಾಗಿ ಬ್ರೇಕ್ ತುಳಿದಾಗ, ಬಂಪರಿಗೆ ಒಂದು ಗೇಣು ದೂರದಲ್ಲಿ ಮುದುಕನೊಬ್ಬ ನಿಂತಿದ್ದ.

"ಮೇಲಿನ ಕಣ್ಣು ಎರಡೂ ತೆರೆದಿವೆ, ಕೆಳಗಿನವು ಎರಡೂ ಮುಚ್ಚಿವೆ. ಯಾವುದನ್ನ ನಂಬ್ಕೊಂಡು ರಸ್ತೆ ದಾಟ್ಲಿ ಮಗಾ?"

ಸೆಮಿಸಿ ವ್ಯಾನನ್ನು ಪಕ್ಕಕ್ಕೆ ಹಾಕಿ, ಬಕೆಟ್ ಕಳಚಿ ಮಡಿಲಲ್ಲಿಟ್ಟುಕೊಂಡು ಕೂತ. ಹನ್ನೊಂದು ನಿಮಿಷ. ಆ್ಯಪ್ ಅದನ್ನೂ ವಿಳಂಬವೆಂದು ಬರೆದುಕೊಂಡಿದೆ.

7. ಮೂರನೇ ನೋಟಿಸಿಗೆ ಕೆಲಸ ಹೋಗುತ್ತದೆ ಎಂಬುದು ಆತನಿಗೆ ಗೊತ್ತು. ಈ ಅರ್ಜಿಯೇ ಮೂರನೆಯದಕ್ಕೆ ಸಾಕು ಎಂಬುದೂ ಗೊತ್ತು. ಮೆಲೆಗೆ ಹೇಳಿದಾಗ ಆಕೆ ಊಟದ ಮೇಜು ಒರೆಸಿ ಅದರ ಮೇಲೆ ಕಾಗದ ಇಟ್ಟಳು. ಆಮೇಲೆ, "ಬರಿ. ಅರ್ಧ ಬರೀಬೇಡ," ಎಂದಳು.

8. ಹೀಗಿರುವಾಗ, ಬರುವ ಸೋಮವಾರ ಮಧ್ಯಾಹ್ನ ಒಂದರಿಂದ ಎರಡರವರೆಗೆ ಮೂವತ್ತು ಹೊಸ ಚಾಲಕರಿಗೆ 'ಎಚ್ಚರವಾಗಿರುವುದು ಹೇಗೆ' ಎಂದು ಸೆಮಿಸಿ ಕಲಿಸಬೇಕೆಂದು ತಮ್ಮ ಆದೇಶ ಬಂದಿದೆ.

ಆದ್ದರಿಂದ ಪ್ರಶಸ್ತಿಯನ್ನು ವಾಪಸು ಪಡೆಯಬೇಕೆಂದೂ, ಊಟದ ಅರ್ಧ ಗಂಟೆಯನ್ನು ಊಟವೆಂದೇ ದಾಖಲಿಸಬೇಕೆಂದೂ, ಕೆಲಸ ಉಳಿದಿದ್ದಲ್ಲಿ ಸೋಮವಾರದ ಪಾಠವನ್ನು ತನಗೆ ತಿಳಿದ ಒಂದೇ ವಿಧಾನದಲ್ಲಿ, ಅಂದರೆ ಮೂವತ್ತೂ ಜನರನ್ನು ಆ ಒಂದು ಗಂಟೆ ಮಲಗಿಸಿ, ನಡೆಸಿಕೊಡಲು ಅನುಮತಿ ನೀಡಬೇಕೆಂದೂ ಕೋರುತ್ತಾನೆ.

ತಮ್ಮ ವಿಶ್ವಾಸಿ, ಸದ್ಯಕ್ಕೆ ಎಚ್ಚರವಿರುವ,
ಸೆಮಿಸಿ ಹವೇಆ

ಲಗತ್ತು:
1) ಪ್ರಶಸ್ತಿ, ಚೌಕಟ್ಟು ಸಹಿತ.
2) ನೋಟಿಸಿನ ನಕಲು.
3) ಬಕೆಟ್ ಲಗತ್ತಿಸಿಲ್ಲ. ಗುರುವಾರ ಟಲ್ಲಿಯಮ್ಮನ ಮನೆ ಇದೆ.

ವಿ.ಸೂ.: ಅನುಮತಿ ದೊರೆತಲ್ಲಿ, ತರಬೇತಿಗೆ ಬರುವವರು ಅವರವರ ದಿಂಬು ತರತಕ್ಕದ್ದೆಂದೂ, ಗೊರಕೆಯವರು ಹಿಂದಿನ ಸಾಲು ಹಿಡಿಯತಕ್ಕದ್ದೆಂದೂ ಶುಕ್ರವಾರದೊಳಗೆ ಸುತ್ತೋಲೆ ಹೊರಡಿಸಬೇಕಾಗಿ ವಿನಂತಿ.