ರಂಜಕ ಬೇಡವೆಂದ ಯಂತ್ರ

ಸಿಟ್ಟು ಬಂದರೆ ನನಗೆ ಎದುರಿಗೊಬ್ಬ ಮನುಷ್ಯ ಬೇಕು. ಗೊಬ್ಬರದಂಗಡಿಯವನು ಮೋಸ ಮಾಡಿದರೆ ಶಿರಸಿಗೆ ಹೋಗಿ, ಮೇಜು ಗುದ್ದಿ, ಅವನೇ ತರಿಸಿಕೊಟ್ಟ ಚಹಾ ಕುಡಿದು ಬರಬಹುದು. ಈ ಕೃತಕ ಬುದ್ಧಿಮತ್ತೆಯ ಯಂತ್ರವನ್ನು ಎಲ್ಲಿ ಹುಡುಕಿ ಬೈಯಲಿ? ನಮ್ಮೂರು ತ್ಯಾಗಲಿಯ ಗದ್ದೆಯಲ್ಲಿ ಈ ಸಲ ಭತ್ತ ಬುಡದಲ್ಲಿ ಹೊಸ ತೆಂಡೆಯೊಡೆದು ಕವಲಾಗದೆ ಕುಳ್ಳಗೆ ನಿಂತಿದೆ. ವರ್ಷದ ಊಟಕ್ಕೆ ನಮಗಿರುವುದು ಅದೊಂದೇ ಗದ್ದೆ. ಪಕ್ಕದವರ ಪೈರು ದಟ್ಟವಾಗಿ ಬೆಳೆದು ನನ್ನನ್ನು ಅಣಕಿಸುತ್ತಿದೆ.

ಇಷ್ಟಕ್ಕೆಲ್ಲ ಮೂಲ ನನ್ನ ತಂಗಿಯ ಮಗಳು ಮೇಧಾ. ಅವಳ ಸಂಶೋಧನೆ ಬೆಳೆಗೆ ಬೇಕಾದ ರಂಜಕ, ಅಂದರೆ ಫಾಸ್ಫರಸ್ ಮೇಲೆ. ನಮ್ಮ ಕೆಂಪು ಮಣ್ಣಿನ ಕಬ್ಬಿಣ ರಂಜಕವನ್ನು ಹೇಗೆ ತಬ್ಬಿ ಹಿಡಿದು ಬೇರಿಗೆ ಕೊಡದೆ ಸತಾಯಿಸುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಅಣು ಅಣುವಾಗಿ ಆಡಿಸಿ ತೋರಿಸಿದಳು. ಪರದೆಯ ತುಂಬ ಬಣ್ಣದ ಗುಂಡುಗಳು ಒಂದಕ್ಕೊಂದು ಜೋತುಬಿದ್ದಿದ್ದವು. ನನಗೆ ಸಂತೆ ದಿನದ ಬಸ್ಸು ನೆನಪಾಯಿತು. "ಗಣಿಲಿ ರಂಜಕದ ಕಲ್ಲು ಮುಗಿದ್ರೆ ಮತ್ತೆ ಸಿಗ್ತಿಲ್ಲೆ ಮಾವಾ. ಹೆಚ್ಚು ಹಾಕಿದ್ದು ಹೊಳೆಗೆ ಹೋಗ್ತು. ಗದ್ದೆ ಮಣ್ಣು ಕಳ್ಸು, ಎಷ್ಟು ಬೇಕು ಹೇಳಿ ಯಂತ್ರನೇ ಲೆಕ್ಕ ಹಾಕ್ತು" ಎಂದಳು.

ಕಳಿಸಿದೆ. 'ರಂಜಕ ಧಾರಾಳವಾಗಿದೆ, ಈ ವರ್ಷ ಏನೂ ಹಾಕಬೇಡಿ' ಎಂದು ಉತ್ತರ ಬಂತು. ನನ್ನ ಮಣ್ಣನ್ನು ಕಂಪ್ಯೂಟರೇ ಹೊಗಳಿದೆ ಎಂದು ಊರಿಡೀ ಹೇಳಿಕೊಂಡು ತಿರುಗಿದೆ. ಗದ್ದೆಗೆ ಒಂದು ಹಿಡಿ ಗೊಬ್ಬರವನ್ನೂ ಹಾಕಲಿಲ್ಲ. ಈಗ ನೋಡಿ!

ಫೋನು ಹಚ್ಚಿ ಸ್ಪೀಕರಿಗೆ ಹಾಕಿ, "ನಿನ್ನ ಯಂತ್ರ ಒಲೆಗೆ ಹಾಕು!" ಎಂದು ಕೂಗಿದೆ. ಅವಳು ಸಮಾಧಾನದಿಂದ, "ಮಣ್ಣು ಎಲ್ಲಿಂದ ತೆಗ್ದೆ ಮಾವಾ?" ಎಂದಳು. ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ಶಾರದೆ ಅಡುಗೆಮನೆಯಿಂದ, "ಬಚ್ಚಲ ಹಿಂದಿನ ಬಸಳೆ ಬುಡದ್ದು!" ಎಂದು ಕೂಗಿದಳು.

ಹೌದು, ಅದರಲ್ಲಿ ತಪ್ಪೇನು? ದೂರದ ವಿದ್ವಾಂಸರು ನೋಡುವ ಮಣ್ಣು. ನೆಂಟರಿಗೆ ತಳ ಹತ್ತಿದ ಪಾಯಸ ಬಡಿಸುವ ಪದ್ಧತಿ ನಮ್ಮಲ್ಲಿಲ್ಲ. ಗದ್ದೆಯ ಬಡಕಲು ಮಣ್ಣು ಕಳಿಸಿ ಮನೆತನದ ಮರ್ಯಾದೆ ಕಳೆಯಲೇ? ವರ್ಷಗಟ್ಟಲೆ ಒಲೆಯ ಬೂದಿ, ಸಗಣಿ, ಪಾತ್ರೆ ತೊಳೆದ ನೀರು ಉಂಡ ಕಪ್ಪು ಮಣ್ಣನ್ನು ಜರಡಿ ಹಿಡಿದು, ಹೊಸ ಬಟ್ಟೆಚೀಲದಲ್ಲಿ ಕಟ್ಟಿ ಕಳಿಸಿದ್ದೆ.

ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಅಣುವಿನೊಳಗೆ ಹೊಕ್ಕು ನೋಡುವ ಯಂತ್ರಕ್ಕೆ ಅದು ಬಸಳೆ ಬುಡದ ಮಣ್ಣೆಂದು ಗೊತ್ತಾಗಬೇಡವೇ ಎಂದು ಊಟಕ್ಕೆ ಕೂತಾಗ ಶಾರದೆಯನ್ನು ಕೇಳಿದೆ. ಅವಳು, ಯಂತ್ರ ಹೇಳಿದಂತೆ ಏನೂ ಹಾಕದಿದ್ದರೂ ಸೊಕ್ಕಿ ಬೆಳೆದು ಚಪ್ಪರ ಮುರಿಯುತ್ತಿರುವ ಬಸಳೆಯ ಹುಳಿಯನ್ನು ನನ್ನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು.