ಚೌಕಾಕ್ಷರ ಸಂಗ್ರಾಮ

ಕಲಿಯುಗದ ಪ್ರಥಮ ಪಾದದಲ್ಲಿ, ಜಂಬೂದ್ವೀಪದ ಹುಬ್ಬಳ್ಳಿ ಮಹಾನಗರದಲ್ಲಿ, ಧೂಳನ್ನೇ ಗಂಧವೆಂದು ಧರಿಸಿದ ದುರ್ಗದ ಬೈಲಿನ ಬಳಿ ನಡೆದ ಘೋರಯುದ್ಧವನ್ನು ಕಿವಿಗೊಟ್ಟು ಆಲಿಸಿರಿ. ಎಲೈ ವಾಗ್ದೇವಿಯೇ, ನಿನ್ನ ಅಕ್ಷರಗಳಿಗಾಗಿಯೇ ನಡೆದ ಕಾಳಗವಿದು. ಹೇಳುವವನ ನಾಲಗೆ ತೊದಲದಂತೆ ನೋಡಿಕೋ.

ಚೌಕಚತುರೆಯೂ ಗಣಕಧನುರ್ಧರೆಯೂ ನಿದ್ರಾವಿಜಯಿನಿಯೂ ಆದ ಶಾಂಭವಿಯು ವರ್ಷವಿಡೀ ತಪಗೈದು, ಪುಟ್ಟ ಪುಟ್ಟ ಚೌಕಗಳನ್ನು ಇಟ್ಟಿಗೆಯಂತೆ ಪೇರಿಸಿ, ಹಳೆಯ ವಿಡಿಯೋ ಗೇಮಿನ ಪರದೆಯಿಂದಿಳಿದು ಬಂದಂಥ ಸ್ಥೂಲಕಾಯದ ಕನ್ನಡ ಫಾಂಟೊಂದನ್ನು ಸೃಷ್ಟಿಸಿದ್ದಳು. ಅದನ್ನು ಕೇಳುವವರೇ ಇರಲಿಲ್ಲ. ಕೊನೆಗೆ, ಹಳೇ ಗೇಮುಗಳನ್ನಾಡಿಸುವ ದಸ್ತಗೀರಣ್ಣ ತನ್ನ ಅಂಗಡಿಯ ‘ಆಡು ಬಾ’ ಬೋರ್ಡಿಗೆ ಅದನ್ನೇ ಒಪ್ಪಿದ. ತನ್ನ ಅಕ್ಷರವನ್ನು ಊರು ನೋಡುತ್ತದೆಂಬ ಸಂತೋಷಕ್ಕೆ ಅವಳಿಗೆ ಅನ್ನವೂ ಸೇರಲಿಲ್ಲ.

ಬರೆಯಲು ಏಣಿಯೇರಿದವನು ಅವಳ ಕಾಕಾ, ಕುಂಚಕೇಸರಿ, ವರ್ತುಲವಲ್ಲಭ, ಪೇಂಟರ್ ಫಕೀರಪ್ಪ. ಅವಳು ಪ್ರಿಂಟ್ ತೆಗೆದು ಕೊಟ್ಟ ನಕ್ಷೆಯ ಅಕ್ಷರಗಳ ಅಂಚಿನಲ್ಲಿ ಮೆಟ್ಟಿಲು ಮೆಟ್ಟಿಲು ಕಂಡು, ಪಾಪ, ಹುಡುಗಿಯ ಪ್ರಿಂಟರ್ ಕೆಟ್ಟಿದೆಯೆಂದು ಮರುಗಿದ ಆ ಮಹಾನುಭಾವ, ಪ್ರೀತಿಯಿಂದಲೇ ಎಲ್ಲ ಮೂಲೆಗಳನ್ನೂ ನುಣ್ಣಗೆ ದುಂಡು ಮಾಡಿಟ್ಟ. ಬಂದು ನೋಡಿದ ಶಾಂಭವಿ ಏಣಿಯ ಬುಡದಿಂದಲೇ ಚೀರಿದಳು.

“ಕಾಕಾ! ನನ್ನ ಮೂಲಿ ಎಲ್ಲಾ ಎಲ್ಲಿ ಹೋದ್ವು?”

ಫಕೀರಪ್ಪ ಕುಂಚವನ್ನು ಗದೆಯಂತೆ ಎತ್ತಿ ಗರ್ಜಿಸಿದ: “ಹಳೇ ಬಸ್ ಸ್ಟ್ಯಾಂಡ್ ತನಕ ಯಾವ ಬೋರ್ಡರ ನೋಡು, ಈ ಕೈದ! ಇಲ್ಲಿತನಕ ಒಂದ ಅಕ್ಷರಾನೂ ಸೊಟ್ಟ ಬರದಿಲ್ಲ. ಕನ್ನಡ ಅಂದ್ರ ದುಂಡಗ ಇರಬೇಕವ್ವಾ. ಇದೇನು, ಇಲಿ ಕಡದ ರೊಟ್ಟಿ ಇದ್ದಂಗ?”

“ಇಲಿ ಕಡದಿಲ್ಲ! ಒಂದೊಂದು ಮೂಲೀನೂ ನಾನ ಕುಂತು ಇಟ್ಟೀನಿ. ಎಂಥಾ ಕುಂಚ ಬಂದ್ರೂ ಅಳಸಾಕ ಬಿಡಂಗಿಲ್ಲ!” ಎಂದು ಗರ್ಜಿಸಲು ಹೊರಟವಳ ದನಿ ನಡುವೆಯೇ ಒಡೆಯಿತು. “ಹಿಂಗ ಬಿಟ್ಟರ ನನ್ನ ಅಕ್ಷರ ಹೆಂಗೈತಂತ ಯಾರಿಗೂ ಗೊತ್ತಾಗಂಗಿಲ್ಲ, ಕಾಕಾ.”

ವೀರಾಗ್ರಣಿಯ ಕಣ್ಣು ತುಂಬಿದ್ದು ಕಂಡು ಫಕೀರಪ್ಪನ ಸಿಟ್ಟು ಜರ್ರನೆ ಇಳಿಯಿತು. ಅವಳ ಕೈಗೊಂದು ಸ್ಕೇಲು ಕೊಟ್ಟ. ಅವಳು ಗೆರೆ ಹಾಕುತ್ತ, ಅವನು ಬಣ್ಣ ತುಂಬುತ್ತ, ಸ್ವೇದಬಿಂದುಸಿಕ್ತರಾದ ವೀರರಿಬ್ಬರೂ ಸೂರ್ಯ ಇಳಿಯುವವರೆಗೆ ಹೋರಾಡಿ, ಹತವಾದ ಮೂಲೆಗಳನ್ನೆಲ್ಲ ಬದುಕಿಸಿದರು.

ವಿಜಯೋನ್ಮತ್ತೆಯಾದ ಶಾಂಭವಿಯು ತನ್ನ ಕೀರ್ತಿಯನ್ನು ಕಣ್ತುಂಬಿಕೊಳ್ಳಲು ರಸ್ತೆ ದಾಟಿ, ಎದುರಿನ ಬಸ್ ಸ್ಟಾಪಿನಲ್ಲಿ ನಿಂತು ತಿರುಗಿದಳು. ಅಷ್ಟು ದೂರಕ್ಕೆ ಒಂದು ಮೂಲೆಯೂ ಕಾಣಲಿಲ್ಲ. ಅಕ್ಷರಗಳೆಲ್ಲ ಗುಂಡಗುಂಡಗೆ ಕೂತಿದ್ದವು.

ಹಿಂದೆಯೇ ಬಂದ ಕಾಕಾ ಕಣ್ಣು ಕಿರಿದು ಮಾಡಿ ನೋಡಿದ. “ಛಲೋ ದುಂಡಗ ಬಂದಾವ ನೋಡವಾ,” ಎಂದ.

ಅವಳಿಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ದಸ್ತಗೀರಣ್ಣ ಅಂಗಡಿಯೊಳಗಿಂದ ಕೂಗಿದ: “ರೀ ಪೇಂಟರ್, ಬಾಗಲದಾಗಿಂದ ಏಣಿ ತಗೀರಿ! ಮುಂಜಾನಿಂದ ಒಂದ ಗಿರಾಕಿ ಒಳಗ ಬಂದಿಲ್ಲ!”

ವೀರರಿಬ್ಬರೂ ಏಣಿ ಎತ್ತಲು ಓಡಿದರು.