ಮಾಮಾನ ಎರಡು ಪರದೆ

ಒಂದೇ ಸಿನಿಮಾವನ್ನು ಒಂದೇ ಹೊತ್ತಿಗೆ ಎರಡು ಕಡೆ ತೋರಿಸಿ, ಎರಡೂ ಕಡೆ ಬೈಸಿಕೊಂಡ ಮನುಷ್ಯ ನಮ್ಮ ಬೈಲಹೊಂಗಲದಲ್ಲಿ ಒಬ್ಬನೇ ಇದ್ದ. ದುರ್ದೈವಕ್ಕೆ ಅವನು ನನ್ನ ಸೋದರಮಾವ!

ಎಪ್ಪತ್ತರ ದಶಕದ ಮಾತು. ಟಿ.ವಿ.ಯ ಹೆಸರು ಕೇಳಿದವರು ನಮ್ಮ ಕಡೆ ಇದ್ದರು, ನೋಡಿದವರಿರಲಿಲ್ಲ. ಪೇಟೆಯಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ ಮಾಮಾ ಬೆಳಗಾವಿಯಿಂದ ಹಳೆಯದೊಂದು ಪ್ರೊಜೆಕ್ಟರ್ ತಂದ. ಬಾಡಿಗೆಗೆ ರೀಲು ತರಿಸಿ ಮದುವೆಮನೆಗಳಲ್ಲಿ ಸಿನಿಮಾ ತೋರಿಸತೊಡಗಿದ. ತೋರಿಸಿ ಸುಮ್ಮನಿರಬಾರದೆ? ದೊಡ್ಡ ಮನೆಗಳಲ್ಲಿ ಗಂಡಸರು ಹೊರಗಿನ ಅಂಗಳದಲ್ಲಿ ಕೂಡುತ್ತಿದ್ದರು, ಹೆಂಗಸರು ಒಳಗಿನ ಅಂಗಳದಲ್ಲಿ. ಪರದೆ ಯಾವಾಗಲೂ ಹೊರಗೆ. ಒಳಗಿನವರಿಗೆ ಮಾತು ಕೇಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಇದೊಂದು ಹುಳ ಮಾಮಾನ ತಲೆ ಹೊಕ್ಕಿತು.

ಮೊದಲ ಪ್ರಯೋಗ ಮುನವಳ್ಳಿಯಲ್ಲಿ. ಪ್ರೊಜೆಕ್ಟರಿನ ಮುಂದೆ ಕಿಟಕಿಯ ಗಾಜೊಂದನ್ನು ಓರೆಯಾಗಿ ನಿಲ್ಲಿಸಿದ. ಅರ್ಧ ಬೆಳಕು ನೆಟ್ಟಗೆ ಹೋಗಬೇಕು, ಇನ್ನರ್ಧ ಹೊರಳಿ ಒಳಗೆ ಹೋಗಬೇಕು ಎಂಬುದು ಅವನ ಲೆಕ್ಕ. ಗಾಜಿಗೆ ಆ ಲೆಕ್ಕ ಗೊತ್ತಿರಲಿಲ್ಲ! ಬೆಳಕೆಲ್ಲ ಗಂಡಸರ ಪಾಲಾಯಿತು; ಹೆಂಗಸರ ಪರದೆಯ ಮೇಲೆ ಹೊಗೆಯಂಥದ್ದೇನೋ ಅಲುಗಾಡಿತು. ಬೀಗರ ಕಡೆಯ ಮುದುಕಿಯೊಬ್ಬಳು ಎದ್ದು ಬಂದು, "ಯಪ್ಪಾ, ಹೀರೋ ಅತ್ಲಾಗ ಅದಾನ. ನಮ್ಮ ಕಡೆ ಬರೇ ಅವನ ದೆವ್ವ ಬಂದೈತಿ" ಎಂದಳಂತೆ. ಮದುವೆಮನೆಯಲ್ಲಿ ದೆವ್ವದ ಮಾತು ಬಂದದ್ದಕ್ಕೆ, ಆಡಿದ ಮುದುಕಿಯನ್ನು ಬಿಟ್ಟು ಎಲ್ಲರೂ ಮಾಮಾನನ್ನೇ ಬೈದರು.

ಬೇರೆಯವನಾಗಿದ್ದರೆ ಅಲ್ಲಿಗೆ ಕೈಮುಗಿಯುತ್ತಿದ್ದ. ಮಾಮಾ ಇನ್ನೊಂದು ಪ್ರೊಜೆಕ್ಟರ್ ತಂದ! ಯಂತ್ರವೇನೋ ಎರಡಾದವು, ಸಿನಿಮಾ ಒಂದೇ ತಾನೆ? ಅದಕ್ಕೂ ಉಪಾಯವಿತ್ತು. ರಾಮದುರ್ಗದ ನೇಕಾರರೊಬ್ಬರಿಂದ ಮರದ ಸಣ್ಣ ಗಾಲಿಗಳನ್ನು ತಂದ. ಹೊರಗಿನ ಯಂತ್ರದಿಂದ ಬಂದ ಫಿಲ್ಮು ಆ ಗಾಲಿಗಳ ಮೇಲೆ ಹಾದು, ಕಿಟಕಿ ದಾಟಿ, ಒಳಗಿನ ಯಂತ್ರ ಸೇರಬೇಕು. ಮನೆತುಂಬ ಎಳೆದ ಆ ಸಾಲನ್ನು ನೋಡಿ ಮಾಮಿ, ಅರಿವೆ ಒಣಹಾಕಲು ಅನುಕೂಲವಾಯಿತೆಂದು ಹೇಳಿ ಒಳಗೆ ಹೋದಳು.

ಚಚಡಿಯಲ್ಲಿ ವಾಡೆಯೆನ್ನುವ ದೊಡ್ಡ ಮನೆಯೊಂದರ ಮದುವೆಯಲ್ಲಿ ಇದರ ಪರೀಕ್ಷೆ. ಆಗತಾನೆ ಕಾಲೇಜು ಸೇರಿದ್ದ ಹುಡುಗಿ ನಾನು, ಮಾಮಿಯ ಜೊತೆ ಹೋಗಿದ್ದೆ. ಒಳಗಿನ ಅಂಗಳದಲ್ಲಿ ಸುಣ್ಣ ಹಚ್ಚಿದ ಅಗಲವಾದ ಗೋಡೆಯಿತ್ತು. ಮಾಮಾ ಅದನ್ನು ಬಿಟ್ಟು, ಮೂಲೆಯ ಒಂದು ಬಾಗಿಲಿಗೆ ಅಡ್ಡಲಾಗಿ ಬಿಳಿ ಬಟ್ಟೆ ಕಟ್ಟಿದ. ಕುತ್ತಿಗೆ ಹೊರಳಿಸಿ ನೋಡಬೇಕಲ್ಲ ಎಂದು ಹೆಂಗಸರು ಗೊಣಗಿದರು. ಅವನಿಗೆ ಕೇಳಿಸಲೇ ಇಲ್ಲ.

ಚಿತ್ರವೇನೋ ಎರಡೂ ಕಡೆ ಸ್ವಚ್ಛವಾಗಿ ಬಂತು. ಆದರೆ ಫಿಲ್ಮು ಹೊರಗಿನಿಂದ ಒಳಗೆ ಬರಲು ಎಲೆಗೆ ಸುಣ್ಣ ಹಚ್ಚಿ ಬಾಯಿಗಿಡುವಷ್ಟು ಹೊತ್ತು ಹಿಡಿಯುತ್ತಿತ್ತು. ಗಂಡಸರು ನಕ್ಕು ಮುಗಿಸಿದ ಮೇಲೆ ನಮ್ಮ ನಗೆಯ ಪಾಳಿ! ಹೊರಗೆ ನಾಯಕನ ತಾಯಿ ಸತ್ತು ಗೋಳಾಟ ಕೇಳಿಬಂತು. ನಮ್ಮ ಪರದೆಯಲ್ಲಿ ಅವಳಿನ್ನೂ ಮಗನಿಗೆ ಊಟಕ್ಕೆ ನೀಡುತ್ತಿದ್ದಳು. ನನ್ನ ಪಕ್ಕದ ಹೆಂಗಸು ಪರದೆಯತ್ತ ಬಾಗಿ, "ಲಗೂನ ನೀಡವಾ, ನಿನಗ ವ್ಯಾಳ್ಯಾ ಇಲ್ಲ" ಎಂದಳು.

ರೀಲು ಬದಲಿಸುವಾಗ ನನಗೆ ನೀರಡಿಕೆಯಾಯಿತು. ಅಡುಗೆಮನೆ ಹುಡುಕುತ್ತ ಹೋದವಳು ದಾರಿ ತಪ್ಪಿ, ಹಿತ್ತಿಲ ಕಡೆಯಿಂದ ಒಂದು ಕೋಣೆಯೊಳಗೆ ಕಾಲಿಟ್ಟೆ. ಅಷ್ಟರಲ್ಲಿ ಸಿನಿಮಾ ಮತ್ತೆ ಶುರುವಾಯಿತು. ಎದುರಿನ ಬಾಗಿಲ ತುಂಬ ಮಾಮಾನ ಬಿಳಿ ಬಟ್ಟೆ. ಚಿತ್ರ ಈ ಬದಿಗೂ ಮೂಡಿತ್ತು. ಅದರ ಮುಂದೆ ಒಬ್ಬರೇ ಕುಳಿತಿದ್ದವರು ಮದುಮಗನ ಕಾಕಿ. ಹಿಂದಿನ ವರ್ಷ ಗಂಡನನ್ನು ಕಳೆದುಕೊಂಡಿದ್ದರಿಂದ ಮದುವೆಯಲ್ಲಿ ಯಾರ ಕಣ್ಣಿಗೂ ಬೀಳದೆ ಒಳಗೇ ಉಳಿದಿದ್ದರು. ಮಾಮಾ ಹಿಂದಿನ ದಿನ ಜಾಗ ನೋಡಲು ಬಂದಾಗ, ಅವರು ಸರಕ್ಕನೆ ಸರಿದು ಈ ಬಾಗಿಲು ಮುಚ್ಚಿಕೊಂಡಿದ್ದರಂತೆ.

ನನ್ನನ್ನು ಕಂಡು ಗಾಬರಿಯಾದ ಕಾಕಿ, ಆಮೇಲೆ ಚಾಪೆಯಲ್ಲಿ ಜಾಗ ಮಾಡಿಕೊಟ್ಟರು. "ಕುಂಡ್ರು ತಂಗಿ. ಈ ಕಡೆ ಎಲ್ಲಾರೂ ಎಡಗೈಲೆ ಉಣ್ಣಾಕ ಹತ್ಯಾರ ನೋಡು" ಎಂದು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.

ಮರುದಿನ ಮಾಮಾ ಬಟ್ಟೆ ಮಡಚುತ್ತಿದ್ದಾಗ, ನಾನು ಆ ಕೋಣೆಗೆ ಹೋಗಿದ್ದೆನೆಂದು ಹೇಳಿದೆ. ಅವನ ಕೈ ನಿಂತಿತು. ತಲೆಯೆತ್ತದೆಯೇ ಕೇಳಿದ.

"ನಕ್ಕರೇನು ಅವರು?"

"ನಕ್ರು ಮಾಮಾ," ಎಂದೆ. "ನಮ್ಮೆಲ್ಲಾರ ಕೂಡನ ನಕ್ರು."